ಆರಿಯಾನಾಳ ಸಾವು ಮತ್ತು ಓದುಗರ ಊಹೆ: ಅನುಮಾನಪ್ರಮಾಣದ ನೆಲೆಯಿಂದ ಒಂದು ಪರಿಶೀಲನೆ

ಜನಪ್ರಿಯ ಫ್ಯಾಂಟಸಿ ಕಾದಂಬರಿಗಳ ಸುತ್ತ ಅವುಗಳ ಅಭಿಮಾನಿ ಓದುಗರು ಕಟ್ಟುವ ಊಹೆಗಳನ್ನು ಬಾಲಿಶ ಕುತೂಹಲವೆಂದು ಬದಿಗೆ ಸರಿಸುವುದು ಸುಲಭ. ಆದರೆ ಆ ಊಹೆಗಳ ಹಿಂದೆ ಸಾಹಿತ್ಯಮೀಮಾಂಸೆಯ ಹಳೆಯ ಪ್ರಶ್ನೆಯೊಂದು ಅಡಗಿದೆ. ಪಠ್ಯವು ಹೇಳದೆ ಬಿಟ್ಟದ್ದನ್ನು ಓದುಗ ಯಾವ ಆಧಾರದ ಮೇಲೆ ತುಂಬಿಕೊಳ್ಳಬಹುದು? ಹಾಗೆ ತುಂಬಿದ್ದು ಪಠ್ಯದ ಅರ್ಥವೇ ಅಥವಾ ಓದುಗನ ಸೇರ್ಪಡೆಯೇ ಎಂಬುದನ್ನು ನಿರ್ಣಯಿಸುವ ಬಗೆ ಯಾವುದು? ಫ್ರೆಂಚ್ ವಿಮರ್ಶಕ ಪಿಯರ್ ಬೇಯಾರ್ ೧೯೯೮ರಲ್ಲಿ ಅಗಾಥಾ ಕ್ರಿಸ್ಟಿಯವರ ರೋಜರ್ ಅಕ್ರಾಯ್ಡ್ ಕಾದಂಬರಿಯ ಕೊಲೆಯನ್ನು ಮತ್ತೆ ತನಿಖೆಗೆ ಒಳಪಡಿಸಿ, ಪತ್ತೇದಾರ ಕಂಡುಕೊಂಡ ಉತ್ತರವನ್ನೇ ಸಂಶಯಿಸಿದಾಗ ಎತ್ತಿದ್ದೂ ಇದೇ ಪ್ರಶ್ನೆಯನ್ನು. ಪ್ರಸ್ತುತ ಲೇಖನವು ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಕಾದಂಬರಿಮಾಲೆಯ ಒಂದು ಪಾತ್ರವಾದ ಆರಿಯಾನಾ ಡಂಬಲ್‌ಡೋರ್‌ಳ ಸಾವನ್ನು ಒಂದು ಮಾಂತ್ರಿಕ ಜೀವಿಯೊಡನೆ ಜೋಡಿಸುವ ಓದುಗರ ಊಹೆಯನ್ನು ತೆಗೆದುಕೊಂಡು, ಅದು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಪರಿಶೀಲಿಸುತ್ತದೆ. ಈ ಊಹೆ ಆ ಹುಡುಗಿಯ ಬದುಕನ್ನು ಚೆನ್ನಾಗಿ ವಿವರಿಸುತ್ತದೆ; ಆಕೆಯ ಸಾವನ್ನು ವಿವರಿಸುವುದಿಲ್ಲ ಎಂಬುದು ಇಲ್ಲಿಯ ವಾದ.

೧

ಕಾದಂಬರಿಗಳನ್ನು ಓದದವರಿಗಾಗಿ ಕಥೆಯ ಅಗತ್ಯ ಭಾಗವನ್ನಷ್ಟು ಹೇಳಬೇಕು. ಮಾಲೆಯ ಏಳನೆಯ ಹಾಗೂ ಕೊನೆಯ ಸಂಪುಟ ‘ಹ್ಯಾರಿ ಪಾಟರ್ ಅಂಡ್ ದ ಡೆತ್ಲಿ ಹ್ಯಾಲೋಸ್’ ೨೦೦೭ರ ಜುಲೈ ತಿಂಗಳಲ್ಲಿ ಪ್ರಕಟವಾಯಿತು. ಹಿಂದಿನ ಆರು ಸಂಪುಟಗಳಲ್ಲಿ ವಿವೇಕದ ಪ್ರತಿಮೆಯಂತೆ ನಿಂತಿದ್ದ ಮುಖ್ಯೋಪಾಧ್ಯಾಯ ಆಲ್ಬಸ್ ಡಂಬಲ್‌ಡೋರ್‌ನ ತಾರುಣ್ಯದ ಕಥೆ ಬಿಚ್ಚಿಕೊಳ್ಳುವುದು ಆತನ ಮರಣಾನಂತರ, ಈ ಸಂಪುಟದಲ್ಲಿ. ಆತನಿಗೆ ಆರಿಯಾನಾ ಎಂಬ ತಂಗಿಯಿದ್ದಳು. ಆರು ವರ್ಷದವಳಿದ್ದಾಗ ಆಕೆ ಹಿತ್ತಿಲಿನಲ್ಲಿ ತನಗರಿಯದಂತೆಯೇ ಮಾಟದ ಆಟವಾಡುತ್ತಿದ್ದುದನ್ನು ಮಾಂತ್ರಿಕರಲ್ಲದ ಮೂವರು ಹುಡುಗರು ಬೇಲಿಯ ಸಂದಿನಿಂದ ಕಂಡರು. ಆಟವನ್ನು ಮತ್ತೆ ಮಾಡಿ ತೋರಿಸಲು ಆಕೆಗೆ ಆಗದಿದ್ದಾಗ ಆಕೆಯ ಮೇಲೆ ಎರಗಿದರು. ಏನು ಮಾಡಿದರೆಂಬುದನ್ನು ಕಾದಂಬರಿ ವಿವರಿಸುವುದಿಲ್ಲ. ಅಂದಿನಿಂದ ಆಕೆ ತನ್ನ ಶಕ್ತಿಯನ್ನು ಬಳಸಲೊಲ್ಲಳು. ಆದರೆ ಅದನ್ನು ಕಳೆದುಕೊಳ್ಳಲೂ ಆರಳು. ಒಳಮುಖವಾದ ಶಕ್ತಿ ಆಕೆಯ ಬುದ್ಧಿಯನ್ನು ಕೆಡಿಸಿತು, ಆಗಾಗ ಹಿಡಿತ ಮೀರಿ ಸಿಡಿಯಿತು. ತಂದೆ ಪರ್ಸಿವಲ್ ಆ ಹುಡುಗರ ಮೇಲೆ ಸೇಡು ತೀರಿಸಿಕೊಂಡು ಸೆರೆಮನೆ ಸೇರಿ ಅಲ್ಲಿಯೇ ಸತ್ತ. ತಾಯಿ ಕೆಂಡ್ರಾ ಮಗಳನ್ನು ಊರವರ ಕಣ್ಣಿಗೆ ಬೀಳದಂತೆ ಮನೆಯೊಳಗಿಟ್ಟು ಸಾಕಿದಳು. ಆರಿಯಾನಾಗೆ ಹದಿನಾಲ್ಕು ವರ್ಷವಾಗಿದ್ದಾಗ ಅಂಥದೊಂದು ಸಿಡಿತದಲ್ಲಿ ತಾಯಿ ಸತ್ತಳು.

ಆಮೇಲೆ ಮನೆಯ ಹೊಣೆ ಆಗತಾನೆ ಶಾಲೆ ಮುಗಿಸಿ ಬಂದಿದ್ದ ಆಲ್ಬಸ್‌ನ ಮೇಲೆ ಬಿದ್ದಿತು. ಅದೇ ಬೇಸಗೆಯಲ್ಲಿ ನೆರೆಮನೆಗೆ ಬಂದಿಳಿದ ಗೆಲರ್ಟ್ ಗ್ರಿಂಡೆಲ್ವಾಲ್ಡ್‌ನೊಡನೆ ಗೆಳೆತನ ಬೆಳೆದು, ಲೋಕವನ್ನೇ ಆಳುವ ಕನಸು ಕಟ್ಟುವುದರಲ್ಲಿ ತಂಗಿ ಅಲಕ್ಷ್ಯಕ್ಕೆ ಒಳಗಾದಳು. ತಮ್ಮ ಅಬರ್‌ಫೋರ್ತ್ ಇದನ್ನು ಪ್ರಶ್ನಿಸಿದಾಗ ಜಗಳ ಮೂವರ ಮಂತ್ರದಂಡಗಳ ಕಾಳಗವಾಯಿತು. ಬೆಳಕು, ಸದ್ದುಗಳಿಂದ ಕೆರಳಿದ ಆರಿಯಾನಾ ನಡುವೆ ಬಂದಳು. ಬಹುಶಃ ನೆರವಾಗಲು ಬಂದಳು. ಕಾಳಗ ನಿಂತಾಗ ಆಕೆ ಸತ್ತು ಬಿದ್ದಿದ್ದಳು. ಮೂವರಲ್ಲಿ ಯಾರ ಮಂತ್ರ ತಗುಲಿತೆಂಬುದು ಅಬರ್‌ಫೋರ್ತ್‌ಗೆ ಗೊತ್ತಿಲ್ಲ, ಆಲ್ಬಸ್‌ಗೂ ಗೊತ್ತಿಲ್ಲ.

ಈ ವೃತ್ತಾಂತ ನಮಗೆ ದೊರೆಯುವ ಕ್ರಮವನ್ನು ವಿಶೇಷವಾಗಿ ಗಮನಿಸಬೇಕು. ಮೊದಲು ಮ್ಯೂರಿಯಲ್ ಎಂಬ ಮುದುಕಿ ಮದುವೆಯ ಮನೆಯಲ್ಲಿ ಆಡುವ ಹರಟೆ: ಆರಿಯಾನಾ ಸ್ಕ್ವಿಬ್ ಆಗಿದ್ದಳು, ಎಂದರೆ ಮಾಂತ್ರಿಕರ ಮನೆಯಲ್ಲಿ ಶಕ್ತಿಯಿಲ್ಲದೆ ಹುಟ್ಟಿದವಳು, ಆ ಅವಮಾನಕ್ಕಾಗಿ ಅವಳನ್ನು ಬಚ್ಚಿಟ್ಟರು ಎಂದು. ಎರಡನೆಯದು ರೀಟಾ ಸ್ಕೀಟರ್ ಎಂಬ ಪತ್ರಕರ್ತೆ ಬರೆದ ಜೀವನಚರಿತ್ರೆ. ಆರಿಯಾನಾ ಕಾಣಬಾರದ್ದನ್ನು ಕಂಡಳೇ, ಇಬ್ಬರು ಗೆಳೆಯರ ಮಹತ್ವಾಕಾಂಕ್ಷೆಗೆ ಮೊದಲ ಬಲಿಯಾದಳೇ ಎಂದು ಅದು ಪ್ರಶ್ನೆಯ ರೂಪದಲ್ಲಿ ಆರೋಪವನ್ನು ತೇಲಿಬಿಡುತ್ತದೆ. ಮೂರನೆಯದಾಗಿ ಮಾತ್ರ ಕಣ್ಣಾರೆ ಕಂಡ ಅಬರ್‌ಫೋರ್ತ್‌ನ ಮಾತು ಬರುತ್ತದೆ, ಕೊನೆಗೆ ಆಲ್ಬಸ್‌ನದು. ಆದ್ದರಿಂದ ಊಹಾಸಿದ್ಧಾಂತವೆಂಬುದು ಈ ಕಾದಂಬರಿಗೆ ಹೊರಗಿನಿಂದ ಬಂದುದಲ್ಲ. ಬಚ್ಚಿಟ್ಟ ಒಬ್ಬ ಹುಡುಗಿ, ಅವಳನ್ನು ವಿವರಿಸಿಬಿಡುವ ಒಂದು ಪದ ಎಂಬ ವಿನ್ಯಾಸವನ್ನು ಕಾದಂಬರಿಯೇ ಎರಡು ಸಲ ಕಟ್ಟಿ, ಎರಡನ್ನೂ ಸಾಲದೆಂದು ತೋರಿಸುತ್ತದೆ. ಮುಂದೆ ಓದುಗರು ಮೂರನೆಯ ಪದವೊಂದನ್ನು ತಂದಾಗ ಈ ಹಿನ್ನೆಲೆ ನೆನಪಿನಲ್ಲಿರಬೇಕು.

೨

ಆ ಮೂರನೆಯ ಪದ ಬಂದದ್ದು ಚಲನಚಿತ್ರದಿಂದ. ರೌಲಿಂಗ್ ಅವರೇ ಚಿತ್ರಕಥೆ ಬರೆದ, ಡೇವಿಡ್ ಯೇಟ್ಸ್ ನಿರ್ದೇಶನದ ‘ಫೆಂಟಾಸ್ಟಿಕ್ ಬೀಸ್ಟ್ಸ್’ ಚಿತ್ರ ೨೦೧೬ರ ನವೆಂಬರಿನಲ್ಲಿ ತೆರೆಕಂಡಿತು. ೧೯೨೬ರ ನ್ಯೂಯಾರ್ಕಿನಲ್ಲಿ ನಡೆಯುವ ಅದರ ಕಥೆಯಲ್ಲಿ ಅಬ್ಸ್‌ಕ್ಯೂರಸ್ ಎಂಬುದು ಕಾಣಿಸಿಕೊಳ್ಳುತ್ತದೆ. ಹಿಂಸೆಗೆ ಅಂಜಿ ತನ್ನ ಮಾಂತ್ರಿಕ ಶಕ್ತಿಯನ್ನು ಅದುಮಿಟ್ಟ ಮಗುವಿನೊಳಗೆ ಬೆಳೆಯುವ, ಕರಿಯ ಹೊಗೆಯಂತೆ ಹೊರನುಗ್ಗಿ ನಾಶಗೈಯುವ ಪರಾವಲಂಬಿ ಶಕ್ತಿ ಅದು. ಅದನ್ನು ಹೊತ್ತ ಮಗು ಅಬ್ಸ್‌ಕ್ಯೂರಿಯಲ್. ಮಾಂತ್ರಿಕ ಪ್ರಾಣಿಗಳ ತಜ್ಞ ನ್ಯೂಟ್ ಸ್ಕ್ಯಾಮ್ಯಾಂಡರ್ ಸುಡಾನಿನ ಎಂಟು ವರ್ಷದ ಹುಡುಗಿಯೊಬ್ಬಳಿಂದ ಇಂಥದೊಂದನ್ನು ಬೇರ್ಪಡಿಸಿ ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಿರುತ್ತಾನೆ. ಹುಡುಗಿ ಉಳಿಯಲಿಲ್ಲ. ಅದು ಪ್ರಾಣಿಯೇ, ಬರಿಯ ಶಕ್ತಿಯೇ, ರೋಗವೇ ಎಂಬುದನ್ನು ಚಿತ್ರ ಕಡ್ಡಿ ಮುರಿದಂತೆ ಹೇಳುವುದಿಲ್ಲ. ಆದರೆ ಪ್ರಾಣಿಗಳ ಪೆಟ್ಟಿಗೆಯಲ್ಲಿ ಅದಕ್ಕೂ ಒಂದು ಜಾಗವಿದೆ. ೨೦೦೧ರಲ್ಲಿ ಧರ್ಮಾರ್ಥ ನಿಧಿಗಾಗಿ ರೌಲಿಂಗ್ ಬರೆದ, ಇದೇ ಹೆಸರಿನ ಪ್ರಾಣಿಕೋಶದಲ್ಲಿ ಇದರ ಸುಳಿವಿರಲಿಲ್ಲ.

ಚಿತ್ರವನ್ನು ಕಂಡ ಓದುಗರು ಆರಿಯಾನಾಳನ್ನು ನೆನೆದದ್ದು ಸಹಜ. ಹಿಂಸೆ, ಅದುಮಿಟ್ಟ ಶಕ್ತಿ, ಸಿಡಿತ, ಸಾವು: ಲಕ್ಷಣಗಳು ಒಂದೊಂದಾಗಿ ಹೊಂದುತ್ತವೆ. ಆ ಚಿತ್ರದಲ್ಲಿ ಮಾರುವೇಷದಲ್ಲಿ ಅಬ್ಸ್‌ಕ್ಯೂರಿಯಲ್ ಮಗುವನ್ನು ಹುಡುಕುತ್ತಿರುವವನು ಗ್ರಿಂಡೆಲ್ವಾಲ್ಡ್. ಆರಿಯಾನಾ ಸತ್ತಾಗ ಆ ಮನೆಯಲ್ಲಿದ್ದವನು. ಅವನಿಗೆ ಈ ಆಸಕ್ತಿ ಹುಟ್ಟಿದ್ದು ಅಲ್ಲಿಯೇ ಅಲ್ಲವೇ ಎಂಬ ಪ್ರಶ್ನೆ ಬಲವಾದದ್ದೇ. ಇಷ್ಟರ ಮೇಲೆ ಊಹೆಗಳು ಕವಲೊಡೆದವು. ಕೆಂಡ್ರಾಳನ್ನು ಕೊಂದದ್ದು ಮಗಳೊಳಗಿನ ಅಬ್ಸ್‌ಕ್ಯೂರಸ್ ಎಂಬುದು ಒಂದು. ಕಾಳಗದ ಸದ್ದಿಗೆ ಅದು ಹೊರನುಗ್ಗಿತು, ಮೂವರ ಮಂತ್ರಗಳೂ ಅದಕ್ಕೆ ತಗುಲಿ ಅದರೊಡನೆ ಆರಿಯಾನಾಳೂ ಸತ್ತಳು ಎಂಬುದು ಇನ್ನೊಂದು. ಇದಕ್ಕೆ ಚಿತ್ರದ ಕೊನೆಯಲ್ಲಿ ಕ್ರೀಡೆನ್ಸ್ ಎಂಬ ತರುಣನ ಅಬ್ಸ್‌ಕ್ಯೂರಸ್ ಹಲವರ ಮಂತ್ರದಂಡಗಳ ಒಟ್ಟು ಹೊಡೆತಕ್ಕೆ ಛಿದ್ರವಾಗುವ ದೃಶ್ಯವೇ ಸಾಕ್ಷ್ಯವಾಯಿತು. ೨೦೧೮ರ ಎರಡನೆಯ ಚಿತ್ರದಲ್ಲಿ ಕ್ರೀಡೆನ್ಸ್ ಡಂಬಲ್‌ಡೋರ್ ಮನೆತನದವನೆಂದು ಸಾರಿದ ಮೇಲೆ, ಆರಿಯಾನಾಳಿಂದ ಬಿಡುಗಡೆಯಾದ ಅಬ್ಸ್‌ಕ್ಯೂರಸ್ಸೇ ಇವನಲ್ಲಿ ನೆಲೆಸಿದೆ ಎಂದವರೂ ಉಂಟು. ೨೦೨೨ರ ಮೂರನೆಯ ಚಿತ್ರ ಅವನನ್ನು ಅಬರ್‌ಫೋರ್ತ್‌ನ ಮಗನೆಂದು ತಿಳಿಸಿದ್ದರಿಂದ ಆ ಊಹೆಯ ಅಗತ್ಯವೇ ಇಲ್ಲವಾಯಿತು.

ಇಂಥ ಓದನ್ನು ಹಗುರವಾಗಿ ಕಾಣಬಾರದು ಎಂಬುದಕ್ಕೆ ಇದೇ ಮಾಲೆಯಿಂದ ಒಂದು ನಿದರ್ಶನವನ್ನು ಇಲ್ಲಿ ಕೊಡಬಹುದು. ೨೦೦೫ರ ಆರನೆಯ ಸಂಪುಟದ ಕೊನೆಯಲ್ಲಿ ಆರ್.ಎ.ಬಿ. ಎಂಬ ಮೊದಲಕ್ಷರಗಳ ಚೀಟಿಯೊಂದು ಸಿಗುತ್ತದೆ. ಇದು ರೆಗ್ಯುಲಸ್ ಬ್ಲ್ಯಾಕ್ ಇರಬೇಕೆಂದು ಓದುಗರು ಊಹಿಸಿದರು. ಡಚ್ ಅನುವಾದದಲ್ಲಿ ಈ ಅಕ್ಷರಗಳು ಆರ್.ಎ.ಜೆಡ್. ಎಂದೂ ಫಿನ್ನಿಶ್‌ನಲ್ಲಿ ಆರ್.ಎ.ಎಂ. ಎಂದೂ ಬದಲಾಗಿದ್ದವು. ಆ ಭಾಷೆಗಳಲ್ಲಿ ಬ್ಲ್ಯಾಕ್ ಮನೆತನದ ಹೆಸರು ಅನುವಾದಗೊಂಡು ಜ್ವಾರ್ಟ್ಸ್, ಮುಸ್ತಾ ಎಂದಾಗಿತ್ತು. ಅನುವಾದಕರು ಮೂಲ ಲೇಖಕಿಗೆ ನಿಷ್ಠರಾಗಿ ಮಾಡಿದ ಕೆಲಸ ರಹಸ್ಯವನ್ನು ಬಯಲು ಮಾಡಿತು! ೨೦೦೭ರ ಸಂಪುಟ ಊಹೆಯನ್ನು ನಿಜವೆಂದು ಸ್ಥಾಪಿಸಿತು. ಪಾಠಾಂತರಗಳನ್ನು ಹೋಲಿಸಿ ಮೂಲವನ್ನು ತರ್ಕಿಸುವ ನಮ್ಮ ಗ್ರಂಥಸಂಪಾದಕರ ವಿಧಾನಕ್ಕೂ ಇದಕ್ಕೂ ಹೆಚ್ಚಿನ ದೂರವಿಲ್ಲ. ಅನುವಾದ ಅಧ್ಯಯನದಲ್ಲಿ ತೊಡಗಿರುವವರು ಈ ಪ್ರಸಂಗವನ್ನು ಬೇರೆಯಾಗಿಯೇ ನೋಡಬಹುದು.

ಆದರೆ ಒಂದು ಭೇದವಿದೆ. ಆರ್.ಎ.ಬಿ. ಊಹೆಯನ್ನು ಪರೀಕ್ಷಿಸಲು ಮುಂದಿನ ಸಂಪುಟ ಬರಲಿತ್ತು. ಆರಿಯಾನಾಳ ವಿಷಯದಲ್ಲಿ ಕಾದಂಬರಿ ಮುಗಿದುಹೋಗಿದೆ. ಒಂಬತ್ತು ವರ್ಷಗಳ ಮೇಲೆ ಬಂದ, ಬೇರೆ ಮಾಧ್ಯಮದ ಕೃತಿಯೊಂದು ಅದರ ಮೇಲೆ ಹಿಮ್ಮುಖವಾಗಿ ಬೆಳಕು ಚೆಲ್ಲುತ್ತಿದೆ.

೩

ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯಿಂದ (೧೯೫೩) ಧ್ವನಿವಿಚಾರವನ್ನು ಕಲಿತ ಕನ್ನಡ ಓದುಗರಿಗೆ ಗೋದಾವರಿಯ ದಡದ ಸಿಂಹ ಚಿರಪರಿಚಿತ. ‘ಧ್ವನ್ಯಾಲೋಕ’ದಲ್ಲಿ ಉದಾಹೃತವಾದ ಪ್ರಾಕೃತ ಗಾಹೆಯಲ್ಲಿ, ತನ್ನ ಸಂಕೇತಸ್ಥಳಕ್ಕೆ ಹೂ ಕೊಯ್ಯಲು ಬಂದು ತೊಡಕಾಗುವ ಧಾರ್ಮಿಕನೊಬ್ಬನಿಗೆ ನಾಯಿಕೆಯೊಬ್ಬಳು, ನಿನ್ನನ್ನು ಹೆದರಿಸುತ್ತಿದ್ದ ನಾಯಿಯನ್ನು ಅಲ್ಲಿಯ ಸಿಂಹ ಕೊಂದಿತು, ಇನ್ನು ನಿಶ್ಚಿಂತನಾಗಿ ಓಡಾಡು ಎನ್ನುತ್ತಾಳೆ. ಓಡಾಡು ಎಂಬುದು ವಾಚ್ಯ, ಬರಬೇಡ ಎಂಬುದು ಧ್ವನಿ. ಹನ್ನೊಂದನೆಯ ಶತಮಾನದ ಮಹಿಮಭಟ್ಟ ‘ವ್ಯಕ್ತಿವಿವೇಕ’ದಲ್ಲಿ ಇಲ್ಲಿ ವ್ಯಂಜನೆಯೆಂಬ ಬೇರೊಂದು ವ್ಯಾಪಾರವೇ ಬೇಡ, ಇದು ಅನುಮಾನ ಎಂದ: ಭಯಕಾರಣವಿದೆ, ಆದ್ದರಿಂದ ಅಲ್ಲಿ ಸಂಚಾರ ಕೂಡದು. ಮಮ್ಮಟ ಇದನ್ನು ಖಂಡಿಸುತ್ತ ಹೇತುವಿನಲ್ಲಿ ಮೂರು ದೋಷಗಳನ್ನು ತೋರಿಸಿದ. ಅಂಜುವವನೂ ಗುರುವಿನ ಆಜ್ಞೆಯಿಂದಲೋ ಅನುರಾಗದಿಂದಲೋ ಹೋಗಬಹುದು, ಹಾಗಾಗಿ ಅದು ಅನೈಕಾಂತಿಕ. ನಾಯಿಗೆ ಅಂಜುವವನು ವೀರನಾಗಿದ್ದು ಸಿಂಹಕ್ಕೆ ಅಂಜದಿರಬಹುದು, ಹಾಗಾಗಿ ವಿರುದ್ಧ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಸಿಂಹವಿದೆ ಎಂಬುದು ಆಕೆಯ ಮಾತಷ್ಟೇ, ಪ್ರಮಾಣದಿಂದ ಸಿದ್ಧವಾದದ್ದಲ್ಲ.

ಅಭಿಮಾನಿ ಓದುಗರ ಊಹೆಯೂ ರೂಪದಲ್ಲಿ ಅನುಮಾನವೇ. ಅದುಮಿಟ್ಟ ಶಕ್ತಿ ಸಿಡಿಯುವಲ್ಲಿ ಅಬ್ಸ್‌ಕ್ಯೂರಸ್ ಇದೆ ಎಂಬುದು ಅದರ ವ್ಯಾಪ್ತಿ. ಈ ವ್ಯಾಪ್ತಿ ಅದೇ ಕಥಾಲೋಕದಲ್ಲಿ ನಿಲ್ಲುತ್ತದೆಯೇ? ೧೯೯೯ರ ಮೂರನೆಯ ಸಂಪುಟದ ಮೊದಲಲ್ಲಿ ಕೋಪಗೊಂಡ ಹ್ಯಾರಿಯಿಂದ ಅವನರಿವಿಲ್ಲದೆ ಶಕ್ತಿ ಹೊಮ್ಮಿ ಮಾರ್ಜ್ ಅತ್ತೆ ಬಲೂನಿನಂತೆ ಉಬ್ಬಿ ಮೇಲೇರುತ್ತಾಳೆ. ಹ್ಯಾರಿಯೂ ಹಿಂಸೆಯಲ್ಲಿ ಬೆಳೆದವನು, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗಿದವನು. ಅವನಲ್ಲಿ ಅಬ್ಸ್‌ಕ್ಯೂರಸ್ ಇಲ್ಲ. ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನ, ಹನ್ನೊಂದು ವರ್ಷದವರೆಗೆ ತಾನು ಮಾಂತ್ರಿಕನೆಂದೇ ಅರಿಯದ ಹ್ಯಾರಿ ಶಕ್ತಿಯನ್ನು ಬೇಕೆಂದು ಅದುಮಿಟ್ಟವನಲ್ಲ ಎಂಬುದು. ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಹೇತುವಿಗೆ ಒಂದು ವಿಶೇಷಣವನ್ನು ಸೇರಿಸಿ ವ್ಯಭಿಚಾರವನ್ನು ತಪ್ಪಿಸುವ ಯತ್ನ. ಆರಿಯಾನಾಳ ಮಟ್ಟಿಗೆ ಅದು ಸಫಲವಾಗುತ್ತದೆ ಎಂದೇ ಹೇಳಬೇಕು. ಆಕೆ ಶಕ್ತಿಯನ್ನು ಬಳಸಲೊಲ್ಲದೆ ಹೋದಳು ಎಂದು ಅಬರ್‌ಫೋರ್ತ್ ಸ್ಪಷ್ಟವಾಗಿ ಹೇಳಿದ್ದಾನೆ.

ವಯಸ್ಸಿನ ತೊಡಕೂ ಇಲ್ಲಿದೆ. ಅಬ್ಸ್‌ಕ್ಯೂರಿಯಲ್ ಮಕ್ಕಳು ಹತ್ತು ವರ್ಷ ದಾಟಿ ಬದುಕಿದ ದಾಖಲೆಯಿಲ್ಲ ಎಂದು ೨೦೧೬ರ ಚಿತ್ರ ಹೇಳುತ್ತದೆ, ಆರಿಯಾನಾಳದು ಹದಿನಾಲ್ಕು. ಆದರೆ ಕ್ರೀಡೆನ್ಸ್ ಆ ಮಿತಿಯನ್ನು ಮೀರಿದವನಾದ್ದರಿಂದಲೂ ಆರಿಯಾನಾಳನ್ನು ದಾಖಲೆಗೆ ಸಿಗದಂತೆ ಬಚ್ಚಿಟ್ಟಿದ್ದರಿಂದಲೂ ಈ ಆಕ್ಷೇಪಕ್ಕೆ ಹೆಚ್ಚು ತೂಕವಿಲ್ಲ.

ವಿರುದ್ಧದೋಷ ಇದಕ್ಕಿಂತ ಗಂಭೀರ. ೨೦೧೮ರ ಚಿತ್ರದಲ್ಲಿ ಆಲ್ಬಸ್ ಸ್ವತಃ ನ್ಯೂಟ್‌ನಿಗೆ ವಿವರಿಸುವಂತೆ, ಅಬ್ಸ್‌ಕ್ಯೂರಸ್ ಬೆಳೆಯುವುದು ಪ್ರೀತಿಯ ಅಭಾವದಲ್ಲಿ. ಒಡಹುಟ್ಟಿದವರ ಅಕ್ಕರೆ ಅದರ ಸ್ಥಾನವನ್ನು ತುಂಬಬಲ್ಲದು. ತಂಗಿಯನ್ನು ಕಳೆದುಕೊಂಡ ಅಣ್ಣನ ಬಾಯಲ್ಲಿ ಈ ಮಾತು ಬಂದದ್ದನ್ನು ಓದುಗರು ತಮ್ಮ ಊಹೆಗೆ ಒದಗಿದ ಒಪ್ಪಿಗೆಯೆಂದು ಎಣಿಸಿದರು. ಆದರೆ ಅದೇ ಮಾತು ಊಹೆಯನ್ನು ಒಳಗಿನಿಂದ ಕೊರೆಯುತ್ತದೆ. ಆರಿಯಾನಾಗೆ ಅಬರ್‌ಫೋರ್ತ್ ಇದ್ದ. ಆಕೆಯ ಅಚ್ಚುಮೆಚ್ಚಿನ ಅಣ್ಣ ಅವನೇ. ಮಗಳಿಗಾಗಿ ಪ್ರಾಣವನ್ನೇ ಸವೆಸಿದ ಕೆಂಡ್ರಾ ಇದ್ದಳು. ಪ್ರೀತಿಯಿದ್ದೂ ಸಿಡಿತ ನಿಲ್ಲಲಿಲ್ಲವೆಂದರೆ, ಒಂದೋ ಅದು ಅಬ್ಸ್‌ಕ್ಯೂರಸ್ ಅಲ್ಲ, ಇಲ್ಲವೇ ಆಲ್ಬಸ್‌ನ ವಿವರಣೆ ತಂಗಿಯ ಸ್ಥಿತಿಗಿಂತ ಅವನ ಸ್ವಂತ ಪಾಪಪ್ರಜ್ಞೆಯನ್ನು ಹೇಳುತ್ತಿದೆ. ಎರಡನೆಯದನ್ನೇ ನಾನು ಒಪ್ಪುತ್ತೇನೆ.

ಉಳಿದದ್ದು ಸಿಂಹದ ಪ್ರಶ್ನೆ, ಎಂದರೆ ಅಸಿದ್ಧಿ. ೨೦೦೭ರ ಪಠ್ಯದಲ್ಲಿ ಆ ಜೀವಿ ಇಲ್ಲ. ಅದರ ಇರವು ಮತ್ತೊಂದು ಕೃತಿಯ ಮಾತಿನ ಮೇಲೆ ನಿಂತಿದೆ. ಇಬ್ಬರ ಕರ್ತೃ ಒಬ್ಬರೇ ಎಂಬುದು ಇದಕ್ಕೆ ಪರಿಹಾರವಾಗುವುದಿಲ್ಲ. ಲೇಖಕಿ ಆರಿಯಾನಾಳನ್ನು ನೆನೆದೇ ಅಬ್ಸ್‌ಕ್ಯೂರಸ್ಸನ್ನು ಕಲ್ಪಿಸಿರಬಹುದು. ಆಗ ಆರಿಯಾನಾ ಅಬ್ಸ್‌ಕ್ಯೂರಸ್ಸಿನ ಮೂಲವಾಗುತ್ತಾಳೆಯೇ ಹೊರತು ಅಬ್ಸ್‌ಕ್ಯೂರಸ್ ಆರಿಯಾನಾಳ ಮೂಲವಾಗುವುದಿಲ್ಲ. ಕೃತಿಗಳ ಕಾಲಾನುಕ್ರಮವನ್ನು ತಿರುವುಮುರುವು ಮಾಡುವ ಇಂಥ ಓದಿನಲ್ಲಿ ಕಾರ್ಯವನ್ನೇ ಕಾರಣವೆಂದು ಭ್ರಮಿಸುವ ಅಪಾಯ ಸದಾ ಇರುತ್ತದೆ.

೪

ಇಷ್ಟಾಗಿಯೂ ಆರಿಯಾನಾಳ ಬದುಕಿನ ಮಟ್ಟಿಗೆ ಊಹೆ ಸಂಭಾವ್ಯವೆಂದು ಒಪ್ಪೋಣ. ತಾಯಿಯ ಸಾವಿಗೂ ಅದು ಹೊಂದುತ್ತದೆ. ಆಕೆಯ ಸ್ವಂತ ಸಾವಿಗೆ ಅದನ್ನು ಹಚ್ಚಿದಾಗ ಏನಾಗುತ್ತದೆ? ತೊಡಕು ತರ್ಕದ್ದಷ್ಟೇ ಆಗಿ ಉಳಿಯುವುದಿಲ್ಲ.

ಆ ಸಾವಿನ ಸುತ್ತ ಕಾದಂಬರಿ ಕಟ್ಟಿರುವುದು ಒಂದು ಅಜ್ಞಾನವನ್ನು. ಮೂವರಲ್ಲಿ ಒಬ್ಬರು ಕೊಂದಿದ್ದಾರೆ, ಯಾರೆಂದು ತಿಳಿಯದು. ಆರನೆಯ ಸಂಪುಟದ ಗುಹೆಯಲ್ಲಿ ವಿಷದ್ರವವನ್ನು ಕುಡಿದ ಆಲ್ಬಸ್ ಅವರನ್ನು ನೋಯಿಸಬೇಡ, ನನ್ನನ್ನು ನೋಯಿಸು ಎಂಬ ಅರ್ಥದಲ್ಲಿ ಕನವರಿಸುವುದು ಆ ಗಳಿಗೆಯ ನೆನಪಿನಿಂದ ಎಂದು ಏಳನೆಯ ಸಂಪುಟದಲ್ಲಿ ತಿಳಿಯುತ್ತದೆ. ಗ್ರಿಂಡೆಲ್ವಾಲ್ಡ್ ಯೂರೋಪಿನಲ್ಲಿ ಅನಾಹುತ ನಡೆಸುತ್ತಿದ್ದರೂ ಆಲ್ಬಸ್ ಅವನನ್ನು ಎದುರಿಸಲು ೧೯೪೫ರವರೆಗೆ ತಡಮಾಡಿದ. ಹೆದರಿದ್ದು ಅವನ ಬಲಕ್ಕಲ್ಲ. ಕೊನೆಯ ಮಂತ್ರ ಯಾರದೆಂಬುದು ಅವನಿಗೆ ಗೊತ್ತಿರಬಹುದು, ಎದುರಾದರೆ ಅದನ್ನು ಹೇಳಿಬಿಡಬಹುದು ಎಂಬುದಕ್ಕೆ. ಅಷ್ಟು ವರ್ಷಗಳ ವಿಳಂಬ, ಆ ಅವಧಿಯಲ್ಲಿ ಸತ್ತವರ ಲೆಕ್ಕ, ಎಲ್ಲವೂ ಈ ಒಂದು ತಿಳಿಯದಿರುವಿಕೆಯ ಮೇಲೆ ನಿಂತಿವೆ. ೨೦೦೭ರ ಜುಲೈನಲ್ಲಿ ಓದುಗರೊಡನೆ ನಡೆಸಿದ ಸಂವಾದವೊಂದರಲ್ಲಿ, ನೋಡುವವರ ಅತಿದೊಡ್ಡ ಭಯದ ರೂಪ ತಾಳುವ ಬೊಗಾರ್ಟ್ ಎಂಬ ಜೀವಿ ಆಲ್ಬಸ್‌ನ ಮುಂದೆ ತಂಗಿಯ ಶವವಾಗುತ್ತದೆ ಎಂದು ರೌಲಿಂಗ್ ಹೇಳಿದ್ದರು. ಆರಿಯಾನಾಳ ಸಾವಿಗೆ ಮಾಂತ್ರಿಕ ಜೀವಿಯೊಂದನ್ನು ಜೋಡಿಸಲೇಬೇಕಿದ್ದರೆ ನಿಜಕ್ಕೂ ಒದಗುವುದು ಇದು. ಇದು ಕೊಂದದ್ದರ ಕಥೆ ಹೇಳುವುದಿಲ್ಲ, ಉಳಿದವನ ಕಥೆ ಹೇಳುತ್ತದೆ.

ಈಗ ಆರಿಯಾನಾ ಸತ್ತದ್ದು ಅಬ್ಸ್‌ಕ್ಯೂರಸ್ಸಿನಿಂದ ಎನ್ನೋಣ. ಮೂವರ ಕೈಯೂ ತೊಳೆದುಹೋಗುತ್ತದೆ. ಆಕೆ ಹೇಗೂ ಬಾಳುವವಳಲ್ಲ, ಒಳಗಿನ ಕೇಡು ಇಂದಲ್ಲ ನಾಳೆ ಕೊಲ್ಲುತ್ತಿತ್ತು ಎಂಬ ಸಮಾಧಾನ ದೊರೆಯುತ್ತದೆ. ೨೦೨೨ರ ಚಿತ್ರದಲ್ಲಿ ಆಲ್ಬಸ್ ಈ ಪ್ರಸಂಗವನ್ನು ಹೇಳಿಕೊಂಡಾಗ ನ್ಯೂಟ್ ಹೆಚ್ಚುಕಡಿಮೆ ಇಂಥದೇ ಸಾಂತ್ವನವನ್ನು, ಆಕೆ ಬೇರೆ ನೋವಿನಿಂದ ಪಾರಾದಳೇನೋ ಎಂಬುದನ್ನು ಮುಂದಿಡುತ್ತಾನೆ. ಆಲ್ಬಸ್ ಅದನ್ನು ಅಲ್ಲಿಯೇ ತಡೆಯುತ್ತಾನೆ. ಓದುಗರ ಊಹೆಗೆ ಹುರುಪು ಕೊಟ್ಟ ಚಿತ್ರಸರಣಿಯೇ ಆ ಊಹೆ ತರುವ ಬಿಡುಗಡೆಯನ್ನು ನಿರಾಕರಿಸಿದೆ.

ಜೀವಿಯ ವಿವರಣೆಯಿಂದ ಮರೆಯಾಗುವವರು ಈ ಮೂವರಷ್ಟೇ ಅಲ್ಲ. ಬೇಲಿಯಾಚೆಯ ಮೂವರು ಹುಡುಗರೂ ಮರೆಯಾಗುತ್ತಾರೆ. ಆರು ವರ್ಷದ ಮಗುವಿನ ಮೇಲೆ ನಡೆದ ಹಿಂಸೆಗೆ ಮಾಡಿದವರಿದ್ದಾರೆ. ಪರಾವಲಂಬಿ ಜೀವಿಗೆ ಲಕ್ಷಣಗಳಿವೆ, ಆಯುಷ್ಯದ ಮಿತಿಯಿದೆ, ಬೇರ್ಪಡಿಸುವ ವಿಧಾನವಿದೆ. ಒಂದರಿಂದ ಇನ್ನೊಂದಕ್ಕೆ ಸರಿದಾಗ ಓದುಗನ ಗಮನ ಅಪರಾಧದಿಂದ ಪ್ರಾಣಿಶಾಸ್ತ್ರಕ್ಕೆ ಹೊರಳುತ್ತದೆ. ಚಿತ್ರದ ಅಬ್ಸ್‌ಕ್ಯೂರಸ್ ಕಲ್ಪನೆ ಹಿಂಸೆಯನ್ನೇ ತನ್ನ ಕಾರಣವೆಂದು ಹೇಳುತ್ತದೆ, ನಿಜ. ಕ್ರೀಡೆನ್ಸ್‌ನ ಸಾಕುತಾಯಿಯ ಬೆಲ್ಟಿನ ಏಟು ತೆರೆಯ ಮೇಲಿದೆ. ಆದರೆ ಊಹೆಗಳ ಚರ್ಚೆ ಬೆಳೆದಂತೆಲ್ಲ ಬೆಲ್ಟು ಹಿಂದೆ ಸರಿದು ಕರಿಯ ಹೊಗೆಯೊಂದೇ ಮುಂದೆ ನಿಂತಿತು. ಎಷ್ಟು ವರ್ಷ ಬದುಕಬಹುದು, ಒಬ್ಬರಿಂದೊಬ್ಬರಿಗೆ ದಾಟಬಹುದೇ ಎಂಬ ಲೆಕ್ಕಾಚಾರವೇ ಉಳಿಯಿತು.

ಮಗಳ ಮೇಲೆ ಏನಾಯಿತೆಂಬುದನ್ನು ಪರ್ಸಿವಲ್ ವಿಚಾರಣೆಯಲ್ಲಿ ಬಾಯಿಬಿಡಲಿಲ್ಲ. ಹೇಳಿದ್ದರೆ ಸರಕಾರದವರು ಆಕೆಯನ್ನು ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಮ್ಯೂರಿಯಲ್ ಆಕೆಯನ್ನು ಸ್ಕ್ವಿಬ್ ಎಂದಳು, ಸ್ಕೀಟರ್ ಬಲಿ ಎಂದಳು. ಆಕೆಯ ಸ್ಥಿತಿಗೆ ಒಂದು ಹೆಸರನ್ನೂ ಇಡದೆ ಮಾತಾಡುವವನು ಅಬರ್‌ಫೋರ್ತ್ ಒಬ್ಬನೇ. ತಾಯಿ ಉಣಿಸಿದರೆ ಉಣ್ಣದವಳು ತಾನು ಕೊಟ್ಟರೆ ಉಣ್ಣುತ್ತಿದ್ದಳು, ಕೆರಳಿದಾಗ ತನ್ನ ಮಾತಿಗೆ ತಣ್ಣಗಾಗುತ್ತಿದ್ದಳು, ಶಾಂತವಾಗಿರುವಾಗ ಆಡುಗಳಿಗೆ ಮೇವು ಹಾಕಲು ತನ್ನ ಜೊತೆ ಬರುತ್ತಿದ್ದಳು ಎಂದಷ್ಟೇ ಅವನು ಹೇಳುತ್ತಾನೆ.